ಐಎಂಎಸ್ ಬೇರಿಂಗ್ ಅವರಿಗೊಂದು ಬಹಿರಂಗ ಪತ್ರ

ಮಹಾರಾಜರಾಜಶ್ರೀ ಐಎಂಎಸ್ ಬೇರಿಂಗ್ ಅವರ ಸನ್ನಿಧಾನಕ್ಕೆ,
ಮುಕ್ಕಾಂ: ಪೋರ್ಷೆ 911, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗೋಡೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಿಂದ ತಮ್ಮ ಅಭಿಮಾನಿಯೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕಡೆ ನಾವೆಲ್ಲ ಕ್ಷೇಮ. ಅತ್ತ ಕಡೆಯ ಕ್ಷೇಮಸಮಾಚಾರಕ್ಕೆ ಆಗಾಗ ಕಾಗದ ಬರೆಯುತ್ತಿರಬೇಕು ಎಂದು ಮುಂದಿನ ಸಾಲು ಬರೆಯುವುದು ನಮ್ಮ ಕಡೆಯ ವಾಡಿಕೆ. ತಮ್ಮ ವಿಷಯದಲ್ಲಿ ಮಾತ್ರ ಆ ಸಾಲು ಬರೆಯಲು ಕೈ ನಡುಗುತ್ತದೆ. ತಾವು ಸದ್ದು ಮಾಡಿದಿರಿ ಎಂದರೆ ಅಲ್ಲಿಗೆ ಎಂಜಿನ್ ತೀರಿಕೊಂಡಿತೆಂದೇ ಲೆಕ್ಕ. ಆದ್ದರಿಂದ ದಯವಿಟ್ಟು ಉತ್ತರ ಕೊಡಬೇಡಿ.

ತಮಗೆ ಬರುವುದೆಲ್ಲ ಬೈಗುಳ, ವಕೀಲರ ನೋಟೀಸು, ಇಲ್ಲವೇ ರಿಪೇರಿಯವರ ಎಸ್ಟಿಮೇಟು. ಇದು ಆ ಜಾತಿಯದಲ್ಲ, ಕೃತಜ್ಞತೆಯ ಪತ್ರ. ಅಂಗೈಯಲ್ಲಿ ಅಡಗುವಷ್ಟು ಗಾತ್ರದ ತಾವು ಜರ್ಮನಿಯ ಅತಿ ಜಂಬದ ಕಾರನ್ನು ಒಬ್ಬರೇ ಅಖಾಡಕ್ಕೆ ಇಳಿದು ಮಣ್ಣುಮುಕ್ಕಿಸಿದ್ದೀರಿ. 1999ರಲ್ಲಿ ಅಮೆರಿಕದ ಶೋರೂಮಿನಲ್ಲಿ ಸುಮಾರು 65 ಸಾವಿರ ಡಾಲರ್ ಇದ್ದ 911 ಕರೆರಾ, ಹದಿನೈದು ವರ್ಷ ತುಂಬುವಷ್ಟರಲ್ಲಿ 20 ಸಾವಿರದ ಆಸುಪಾಸಿಗೆ ಇಳಿದಿತ್ತು. ಅದರ ಹಿಂದಿನ 993, ಅಂದರೆ ಗಾಳಿಯಿಂದಲೇ ತಣ್ಣಗಾಗುತ್ತಿದ್ದ ಕೊನೆಯ 911, ಇವತ್ತು ಹೊಸದಿದ್ದಾಗಿನ ಬೆಲೆಯನ್ನೂ ದಾಟಿ ಆಕಾಶ ನೋಡುತ್ತಿದೆ. ಒಂದೇ ಮನೆತನ, ಒಂದೇ ಮೂಗು-ಮುಖ. ಒಬ್ಬ ಮಹಡಿಯ ಮೇಲೆ, ಇನ್ನೊಬ್ಬ ಜಗಲಿಯ ಮೇಲೆ. ನನ್ನಂಥ ಸಂಬಳದವನ ಕೈಗೆ ಎಟುಕುವುದು ಜಗಲಿ ಮಾತ್ರ. ಅವನನ್ನು ಅಲ್ಲಿ ಕೂರಿಸಿದ ಪುಣ್ಯಾತ್ಮರು ತಾವು.

ಬಹಿರಂಗ ಪತ್ರವಾದ್ದರಿಂದ ತಮಗೆ ಗೊತ್ತಿರುವುದನ್ನೇ ಓದುಗರಿಗಾಗಿ ಇನ್ನೊಮ್ಮೆ ಹೇಳಬೇಕಾಗಿದೆ. ಸೈರಿಸಿಕೊಳ್ಳಿ.

ಆ ಕಾಲದ 911ರ ಎಂಜಿನ್ನಿನಲ್ಲಿ ಆರು ಸಿಲಿಂಡರುಗಳು ಎಡಕ್ಕೆ ಮೂರು, ಬಲಕ್ಕೆ ಮೂರು ಎಂದು ಅಂಗಾತ ಮಲಗಿವೆ. ಎರಡೂ ಕಡೆಯ ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟುಗಳಿಗೆ ಕ್ರ್ಯಾಂಕ್‌ಶಾಫ್ಟಿನಿಂದ ನೇರವಾಗಿ ಚೈನು ಹೋಗುವುದಿಲ್ಲ. ಕ್ರ್ಯಾಂಕ್‌ಶಾಫ್ಟಿನ ಕೆಳಗೆ ಇಂಟರ್‌ಮೀಡಿಯೆಟ್ ಶಾಫ್ಟ್, ಅಂದರೆ ಐಎಂಎಸ್, ಎಂಬ ಇನ್ನೊಂದು ದಂಡ ತಿರುಗುತ್ತದೆ. ಅದರ ಒಂದು ತುದಿಯಿಂದ ಒಂದು ಕಡೆಗೆ, ಇನ್ನೊಂದು ತುದಿಯಿಂದ ಇನ್ನೊಂದು ಕಡೆಗೆ ಚೈನು. ಆ ದಂಡದ ಒಂದು ತುದಿಯನ್ನು, ಫ್ಲೈವೀಲ್ ಇರುವ ಬದಿಯಲ್ಲಿ, ಹಿಡಿದು ನಿಂತವರೇ ತಾವು. ಹಳೆಯ ಏರ್‌ಕೂಲ್ಡ್ ಎಂಜಿನ್ನುಗಳಲ್ಲಿ ಈ ಕೆಲಸಕ್ಕೆ ಗುಂಡುಗಳಿಲ್ಲದ ಸಾದಾ ಬೇರಿಂಗ್ ಇತ್ತು. ಒತ್ತಡದಲ್ಲಿ ಹರಿದುಬರುವ ಎಣ್ಣೆಯ ಪದರದ ಮೇಲೆ ಅದು ದಶಕಗಟ್ಟಲೆ ದುಡಿಯಿತು. ತಮ್ಮನ್ನು ಮಾತ್ರ ಎರಡೂ ಕಡೆ ಸೀಲ್ ಹಾಕಿ, ಒಳಗೆ ಗ್ರೀಸ್ ತುಂಬಿ, ಜೀವನಪರ್ಯಂತ ಯಾರೂ ಮುಟ್ಟಬೇಕಾಗಿಲ್ಲ ಎಂದು ಕೂರಿಸಿದರು. ವರ್ಷಗಳು ಉರುಳಿದಂತೆ ಸೀಲ್ ಸೋಲುತ್ತದೆ, ಬಿಸಿ ಎಣ್ಣೆ ಒಳಕ್ಕೆ ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ಒಳಗೆ ಹೊಕ್ಕ ಎಣ್ಣೆಗೆ ಹೊರಬರುವ ದಾರಿಯಿಲ್ಲ. ಅದು ಅಲ್ಲೇ ನಿಂತು ಕೊಳಕಾಗಿ, ಗುಂಡುಗಳು ಸವೆದು, ಕೊನೆಗೊಂದು ದಿನ ದಂಡ ಓಲಾಡಿ, ಚೈನು ಹಲ್ಲು ತಪ್ಪಿ, ಕವಾಟಕ್ಕೂ ಪಿಸ್ಟನ್ನಿಗೂ ಮುಖಾಮುಖಿಯಾಗುತ್ತದೆ. ಆಮೇಲಿನದನ್ನು ಮಕ್ಕಳೆದುರು ಹೇಳುವಂತಿಲ್ಲ.

ಹೀಗೇಕೆ ಮಾಡಿದರು ಎಂದು ಕೇಳಿದರೆ, ಆಗ ಮನೆಯಲ್ಲಿ ಅಕ್ಕಿ ಮುಗಿದಿತ್ತು. 1990ರ ದಶಕದ ಮೊದಲಲ್ಲಿ ಪೋರ್ಷೆ ಕಂಪನಿ ಮುಳುಗುವ ಹಂತಕ್ಕೆ ಬಂದಿತ್ತು. ವೆಂಡೆಲಿನ್ ವೀಡೆಕಿಂಗ್ ಯಜಮಾನಿಕೆ ವಹಿಸಿಕೊಂಡು, ಜಪಾನಿನಿಂದ ಸಲಹೆಗಾರರನ್ನು ಕರೆಸಿ, ಝುಫ್ಫೆನ್‌ಹೌಸನ್ ಕಾರ್ಖಾನೆಯಲ್ಲಿ ಒಂದೊಂದು ನಟ್ಟು ಬೋಲ್ಟಿನ ಲೆಕ್ಕ ಹಾಕಿಸಿದರು. ಅಗ್ಗದ ಬಾಕ್ಸ್‌ಸ್ಟರ್ ಒಂದು, ದುಬಾರಿ 911 ಒಂದು, ಎರಡನ್ನೂ ಒಟ್ಟಿಗೆ ರೂಪಿಸಿ ಮುಂಭಾಗ, ಬಾಗಿಲು, ಹೆಡ್‌ಲೈಟು ಎಲ್ಲವನ್ನೂ ಹಂಚಿಕೊಳ್ಳುವಂತೆ ಮಾಡಿದರು. 1996ರಲ್ಲಿ ಬಾಕ್ಸ್‌ಸ್ಟರ್ ಬಂತು. 1997ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 996 ಎಂಬ ಒಳಹೆಸರಿನ ಹೊಸ 911 ಬಂತು: 3.4 ಲೀಟರ್, 300 ಅಶ್ವಶಕ್ತಿ, ಮೊತ್ತಮೊದಲಿಗೆ ನೀರಿನಿಂದ ತಣ್ಣಗಾಗುವ ಎಂಜಿನ್. ಕಂಪನಿ ಬದುಕಿಕೊಂಡಿತು. ಉಳಿತಾಯದ ಆ ಯಜ್ಞದಲ್ಲಿ ಕುಂಡದಿಂದ ಎದ್ದುಬಂದವರು ತಾವು. ಭಕ್ತರಿಗೆ ನೀರಿನ ಎಂಜಿನ್ ಕಂಡು ಒಮ್ಮೆ ಸಿಟ್ಟು ಬಂತು. ಅರವತ್ತೈದು ಸಾವಿರ ಕೊಡಲು ಬಂದವರ ಕಾರಿನ ಮುಖವೂ, ಅದಕ್ಕಿಂತ ಬಹಳ ಕಡಿಮೆ ಕೊಟ್ಟು ಬಾಕ್ಸ್‌ಸ್ಟರ್ ಕೊಂಡ ಪಕ್ಕದ ಮನೆಯವರ ಕಾರಿನ ಮುಖವೂ ಒಂದೇ ಎಂದು ತಿಳಿದಾಗ ಎರಡನೇ ಸಲ ಬಂತು. ಇಂಡಿಕೇಟರಿನ ಹಳದಿಯನ್ನೂ ಒಳಗೇ ಸೇರಿಸಿಕೊಂಡ ಆ ಹೆಡ್‌ಲೈಟಿಗೆ ಜನ ಬುಲ್ಸ್ ಐ ಮೊಟ್ಟೆಯ ಹೆಸರಿಟ್ಟರು. ಅದನ್ನೂ ತಾವೇ ಉಪಯೋಗಿಸಿಕೊಂಡಿರಿ: ಮುಖದ ಅವಮಾನ ಅರ್ಧ, ಬೇರಿಂಗಿನ ಭಯ ಅರ್ಧ, ಸೇರಿ ಬೆಲೆ ನೆಲ ಕಚ್ಚಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 996ರಲ್ಲಿ ನಾನು ಕೊಳ್ಳಬೇಕಾದದ್ದು ಮೊದಲ ವರ್ಷಗಳದೋ, ಆಮೇಲಿನದೋ?

ಫ್ರೀಮಾಂಟಿನ ಯಾವುದೇ ಗೃಹಪ್ರವೇಶದಲ್ಲಿ, ಹೋಳಿಗೆಗೂ ಪುಳಿಯೋಗರೆಗೂ ನಡುವೆ, ಈ ಪ್ರಶ್ನೆ ಎತ್ತಿ ನೋಡಿ. ಪ್ಲೇಟು ಹಿಡಿದು ನಿಂತ ಮಹನೀಯರೆಲ್ಲ ಒಕ್ಕೊರಲಿನಿಂದ, "ಆಮೇಲಿನದೇ ತಗೊಳ್ಳಿ ಸಾರ್, ಮೊದಲನೇ ವರ್ಷದ ಮಾಲು ಯಾವಾಗಲೂ ತಾಪತ್ರಯ" ಎನ್ನುತ್ತಾರೆ. ಸಾಫ್ಟ್‌ವೇರಿನವರಿಗೆ ಇದು ಧರ್ಮಸೂತ್ರ. ಒಂದನೇ ಆವೃತ್ತಿಯನ್ನು ಯಾರೂ ಬಳಸಕೂಡದು. ತಪ್ಪು ತಿದ್ದಿದ ಮೇಲೆ ನಾವು ಹೋಗಬೇಕು. ತಾವು ಈ ಧರ್ಮಸೂತ್ರಕ್ಕೆ ಎಂಥ ಪಂಗನಾಮ ಹಾಕಿದ್ದೀರಿ ಎಂಬುದು ಆ ಮಹನೀಯರಿಗೆ ಗೊತ್ತಿಲ್ಲ.

ಏಕೆಂದರೆ ತಮ್ಮ ಮೊದಲ ತಲೆಮಾರಿನವರು ಜೋಡಿ ಸಾಲಿನವರು. ಎರಡು ಸಾಲು ಗುಂಡುಗಳು, ಗಟ್ಟಿ ಆಳು. 2000ನೇ ಇಸವಿಯ ಹೊತ್ತಿಗೆ ಆ ಜಾಗಕ್ಕೆ ಒಂಟಿ ಸಾಲಿನ, ಬಡಕಲು ಬೇರಿಂಗ್ ಬಂದು ಕೂತಿತು. ಆಮೇಲೆ 2002ರ ಮಾದರಿಯಲ್ಲಿ 911ಕ್ಕೆ ದೊಡ್ಡ ಸಿಂಗಾರವಾಯಿತು. ಎಂಜಿನ್ 3.6 ಲೀಟರಿಗೆ ಏರಿತು, ಶಕ್ತಿ 320ಕ್ಕೆ ಮುಟ್ಟಿತು. ಬಯ್ಯಿಸಿಕೊಂಡ ಮೊಟ್ಟೆ ಕಣ್ಣು ತೆಗೆದು ಟರ್ಬೊ ಕಾರಿನ ಹೆಡ್‌ಲೈಟು ಹಚ್ಚಿದರು. ಮೊದಲಿನ ಕಾರಿನಲ್ಲಿ ಇಲ್ಲವೇ ಇಲ್ಲದ ಗ್ಲವ್ ಬಾಕ್ಸ್ ಕೂಡ ಬಂತು. ಅರವತ್ತೈದು ಸಾವಿರ ಡಾಲರಿನ ಕಾರಿನಲ್ಲಿ ರಿಜಿಸ್ಟ್ರೇಷನ್ ಕಾಗದ ಇಡಲು ಜಾಗ ಬೇಕೆಂದು ಸ್ಟುಟ್‌ಗಾರ್ಟಿನವರಿಗೆ ಹೊಳೆಯಲು ನಾಲ್ಕು ವರ್ಷ ಹಿಡಿಯಿತು. ಕಣ್ಣಿಗೆ ಕಾಣುವುದೆಲ್ಲ ಉತ್ತಮವಾಯಿತು. ಕಾಣದ ಕಡೆ ಕೂತ ತಾವು ಬಡಕಲಾಗಿಯೇ ಉಳಿದಿರಿ. ಮೊದಲಿನದು ಬೇಡ, ಆಮೇಲಿನದೇ ಇರಲಿ ಎಂದು ನಾಲ್ಕಾರು ಸಾವಿರ ಹೆಚ್ಚು ಕೊಟ್ಟ ಜಾಣರೆಲ್ಲ ಹೊಸ ಕಣ್ಣು, ಹೊಸ ಪೆಟ್ಟಿಗೆ ಮತ್ತು ದುರ್ಬಲ ಬೇರಿಂಗ್ ಮೂರನ್ನೂ ಒಟ್ಟಿಗೆ ಮನೆಗೆ ತಂದರು.

ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಮಾಲೀಕರು ತಮ್ಮ ಮೇಲೆ ಸಾಮೂಹಿಕ ದಾವೆ ಹೂಡಿದ್ದು, 2013ರಲ್ಲಿ ಅದು ರಾಜಿಗೆ ಬಂದದ್ದು ತಮಗೆ ನೆನಪಿರಬೇಕು. ಆ ರಾಜಿಗೆ ಒಳಪಟ್ಟ ಕಾರುಗಳು 2001ರ ಮೇ ತಿಂಗಳಿಂದ 2005ರ ಫೆಬ್ರುವರಿಯವರೆಗೆ ತಯಾರಾದವು: ಒಂಟಿ ಸಾಲಿನ ಕಾಲ. ಆ ದಾವೆಯ ದಿನಗಳಿಂದ ಎಲ್ಲರ ಬಾಯಲ್ಲಿರುವ ಅಂಕಿ ಏನೆಂದರೆ, ಒಂಟಿ ಸಾಲಿನವರಲ್ಲಿ ಕೆಟ್ಟದ್ದು ನೂರಕ್ಕೆ ಎಂಟರ ಆಸುಪಾಸು, ಜೋಡಿ ಸಾಲಿನವರಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅಂದರೆ ಹಳೆಯ, ಕುರೂಪಿ ಎನಿಸಿಕೊಂಡ, ಪೆಟ್ಟಿಗೆ ಕೂಡ ಇಲ್ಲದ, ಎಲ್ಲರೂ ಬಿಟ್ಟುಹೋದ ಕಾರೇ ತಮ್ಮ ಪಾಲಿಗೆ ಹೆಚ್ಚು ಭದ್ರವಾದ ಮನೆ. ನೂರಕ್ಕೆ ಎಂಟು ಎಂದರೂ ತೊಂಬತ್ತೆರಡು ಜನ ಏನೂ ಆಗದೆ ಓಡಾಡಿದರು ಎಂದೇ ಆಯಿತಲ್ಲ. ಅವರು ಯಾರೂ ಎಲ್ಲೂ ಮಾತಾಡುವುದಿಲ್ಲ. ನಮ್ಮ ಬೇರಿಂಗ್ ಇವತ್ತೂ ಮುರಿಯಲಿಲ್ಲ ಎಂದು ಯಾರು ತಾನೇ ಸಭೆ ಕರೆದು ಹೇಳುತ್ತಾರೆ?

ಮೂರನೇ ತಲೆಮಾರಿನ ಕಥೆ ಇನ್ನೂ ಸ್ವಾರಸ್ಯದ್ದು. 2004ರಲ್ಲಿ 997 ಎಂಬ ಮುಂದಿನ 911 ಬಂತು. ದುಂಡು ಕಣ್ಣು ಮರಳಿತು, ಭಕ್ತರು ಕಣ್ಣೊರೆಸಿಕೊಂಡರು. ಸ್ವಲ್ಪ ಕಾಲದ ಮೇಲೆ ತಮ್ಮನ್ನು ದಷ್ಟಪುಷ್ಟರನ್ನಾಗಿ ಮಾಡಿದರು. ಹೊಸ ಗಾತ್ರದಲ್ಲಿ ತಾವು ಕೆಡುವುದು ಅಪರೂಪವಾಯಿತು, ನಿಜ. ಆದರೆ ಎಷ್ಟು ದಪ್ಪಗಾದಿರೆಂದರೆ ಹೊರಗೆ ಬರುವ ಬಾಗಿಲೇ ಸಾಲದಾಯಿತು. ಹಳೆಯ ಕಾರಿನಲ್ಲಿ ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದಾಗ, ಮೂರು ಬೋಲ್ಟ್ ಬಿಚ್ಚಿ ತಮ್ಮನ್ನು ಎಳೆದು ಹಾಕಿ ಹೊಸಬರನ್ನು ಕೂರಿಸಬಹುದು. ಈ ದಪ್ಪನೆಯವರನ್ನು ತೆಗೆಯಬೇಕಾದರೆ ಇಡೀ ಎಂಜಿನ್ನನ್ನೇ ಎರಡು ಹೋಳು ಮಾಡಬೇಕು. ಮೊದಲನೆಯವರಿಂದ ಅಪಾಯ ಕಡಿಮೆ, ಮದ್ದೂ ಇದೆ. ಎರಡನೆಯವರಿಂದ ಅಪಾಯ ಹೆಚ್ಚು, ಮದ್ದು ಇದೆ. ಮೂರನೆಯವರಿಂದ ಅಪಾಯ ಕಡಿಮೆ, ಮದ್ದೇ ಇಲ್ಲ. ನಡುವಿನ ಕೆಲವು ವರ್ಷದ ಕಾರುಗಳಲ್ಲಿ ಯಾರು ಕೂತಿದ್ದಾರೆ ಎಂಬುದು ಗೇರ್‌ಬಾಕ್ಸ್ ಇಳಿಸಿ ನೋಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಗೋಜಲು ಮಾಡಿಟ್ಟು ಸುಮ್ಮನೆ ಕತ್ತಲಲ್ಲಿ ತಿರುಗುತ್ತಿರುವ ತಮ್ಮ ಸ್ಥಿತಪ್ರಜ್ಞತೆಗೆ ಇನ್ನೊಂದು ನಮಸ್ಕಾರ.

ಸೆಕೆಂಡ್ ಹ್ಯಾಂಡ್ 911ರ ಜಾಹೀರಾತು ಓದಿದಾಗಲೆಲ್ಲ ನನಗೆ ಭಾನುವಾರದ ಪತ್ರಿಕೆಯ ವಧೂವರರ ಅಂಕಣವೇ ನೆನಪಾಗುತ್ತದೆ. ಬಣ್ಣ, ವಯಸ್ಸು, ಎತ್ತರ, ಮನೆತನ ಎಲ್ಲ ಆಗಿ ಕೊನೆಗೊಂದು ಸಾಲು: ಕುಜದೋಷವಿಲ್ಲ. ಇಲ್ಲಿಯೂ ಹಾಗೆಯೇ. ಬೆಳ್ಳಿ ಬಣ್ಣ, ಕಪ್ಪು ಚರ್ಮದ ಸೀಟು, ಮೂರನೇ ಮಾಲೀಕರು, ಕೊನೆಯಲ್ಲಿ: ಐಎಂಎಸ್ ಆಗಿದೆ. ಕುಜದೋಷಕ್ಕೆ ಶಾಂತಿ ಮಾಡಿಸಿದಂತೆ ತಮಗೂ ಶಾಂತಿಗಳುಂಟು. ಸೆರಾಮಿಕ್ ಗುಂಡುಗಳ ಬೇರಿಂಗ್ ಒಂದು ಬಗೆ. ಹಳೆಯ ಕಾಲದಂತೆ ಸಾದಾ ಬೇರಿಂಗ್ ಕೂರಿಸಿ ಅದಕ್ಕೆ ಪ್ರತ್ಯೇಕ ಕೊಳವೆಯಲ್ಲಿ ಒತ್ತಡದ ಎಣ್ಣೆ ಹರಿಸುವುದು ಇನ್ನೊಂದು ಬಗೆ. ದಕ್ಷಿಣೆ ಸೇರಿ ಕೆಲವು ಸಾವಿರ ಡಾಲರು. ಶಾಂತಿ ಮಾಡಿಸಿದ್ದೇವೆ ಎನ್ನುವವರೆಲ್ಲ ಮಾಡಿಸಿರುತ್ತಾರೆ ಎಂದೇನಿಲ್ಲ. ಯಾವ ತಾರೀಖು, ಎಷ್ಟು ಮೈಲಿಯಲ್ಲಿ, ಯಾವ ಬಗೆಯದು, ಬಿಲ್ ಎಲ್ಲಿ ಎಂದು ಕೇಳಿದ ಕೂಡಲೇ ಕೆಲವರಿಗೆ ಇನ್ನೊಂದು ಫೋನು ಬರುತ್ತದೆ.

ಕುಜದೋಷದ ವಿಶೇಷ ತಮಗೆ ತಿಳಿಯದ್ದಲ್ಲ. ಅದನ್ನು ವಿಚಾರಿಸುವ ಗಡಿಬಿಡಿಯಲ್ಲಿ ಹುಡುಗ ಕುಡಿಯುತ್ತಾನೆಯೇ ಎಂದು ಯಾರೂ ಕೇಳುವುದಿಲ್ಲ.

911 ನೋಡಲು ಬಂದವರು ತಮ್ಮ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಟೈರಿನ ಪಕ್ಕೆಯ ಮೇಲೆ ಕೊನೆಗೆ ಅಚ್ಚಾಗಿರುವ ನಾಲ್ಕು ಅಂಕಿಯನ್ನು ಬಗ್ಗಿ ನೋಡುವುದಿಲ್ಲ. 3514 ಎಂದಿದ್ದರೆ ಅದು 2014ರ 35ನೇ ವಾರದ ಟೈರು. ಕಚ್ಚು ಚೆನ್ನಾಗಿಯೇ ಇರುತ್ತದೆ, ರಬ್ಬರು ಮಾತ್ರ ಕಲ್ಲಾಗಿರುತ್ತದೆ, ಹಿಂದೆ ಭಾರ ಹೊತ್ತ ಈ ಕಾರು ಒದ್ದೆ ತಿರುವಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಪುರಾಣಪ್ರಸಿದ್ಧ. ಮುಂದಿನ ಬಂಪರಿನ ಎರಡು ಬಾಯಿಗಳಲ್ಲಿ ಒಣ ಎಲೆ ತುಂಬಿ, ಒಳಗೆ ರೇಡಿಯೇಟರ್ ಕೊಳೆಯುತ್ತಿರುತ್ತದೆ; ಅಲ್ಲಿಗೆ ಟಾರ್ಚ್ ಬಿಡುವವರು ಅಪರೂಪ. ಸಿಲಿಂಡರಿನ ಒಳಗೋಡೆಯಲ್ಲಿ ಗೀರು ಬೀಳುವ ರೋಗವಂತೂ ತಮಗಿಂತ ಕ್ರೂರ. 3.6, 3.8 ಲೀಟರಿನ ಎಂಜಿನ್ನುಗಳಿಗೆ ಅದರ ಕಾಟ ಹೆಚ್ಚು. ಮದ್ದೆಂದರೆ ಎಂಜಿನ್ ಪೂರ್ತಿ ಬಿಚ್ಚುವುದೊಂದೇ. ಎಣ್ಣೆ ಕುಡಿಯುವುದು, ಒಂದು ಸೈಲೆನ್ಸರ್ ಕೊಳವೆ ಮಾತ್ರ ಮಸಿ ಹಿಡಿಯುವುದು, ಟಿಕ್ ಟಿಕ್ ಸದ್ದು, ಇವು ಅದರ ಲಕ್ಷಣಗಳು. ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಒಳಗೆ ಇಳಿಸಿ ನೋಡಲು ಕೆಲವು ನೂರು ಡಾಲರ್ ಸಾಕು. ಇಪ್ಪತ್ತೈದು ಸಾವಿರದ ಕಾರಿಗೆ ಕೆಲವು ನೂರು ದಂಡ ಯಾಕೆ ಎನ್ನುವ ಮಹನೀಯರೇ ತಮ್ಮ ಹೆಸರು ಕೇಳಿ ಬೆವರುವವರು.

ಇನ್ನು ಕಾರಿನ ಕಂಪ್ಯೂಟರಿನೊಳಗೊಬ್ಬ ಚಿತ್ರಗುಪ್ತ ಕೂತಿದ್ದಾನೆ. ಎಂಜಿನ್ ತನ್ನ ಮಿತಿ ಮೀರಿ ಎಷ್ಟು ಸಲ ತಿರುಗಿತು, ಕೊನೆಯ ಸಲ ಮೀರಿದ್ದು ಓಟದ ಎಷ್ಟನೇ ಗಂಟೆಯಲ್ಲಿ ಎಂದು ಅವನು ಬರೆದಿಟ್ಟಿರುತ್ತಾನೆ. ಐದಕ್ಕೆ ಹೋಗುವ ಆತುರದಲ್ಲಿ ಮೂರಕ್ಕೆ ಗೇರು ಹಾಕಿದವನ ಪಾಪ ಅಲ್ಲಿ ಅಂಕಿಯಾಗಿ ಬಿದ್ದಿರುತ್ತದೆ. ಮಾಲೀಕರು ಎಷ್ಟೇ ಸಾತ್ವಿಕ ಮುಖ ಮಾಡಿ, ಭಾನುವಾರ ದೇವಸ್ಥಾನಕ್ಕೆ ಮಾತ್ರ ತೆಗೆಯುತ್ತಿದ್ದೆವು ಎಂದರೂ, ಸ್ಕ್ಯಾನರ್ ಚುಚ್ಚಿದ ಕೂಡಲೇ ಪುಸ್ತಕ ತೆರೆಯುತ್ತದೆ. ಇದನ್ನೆಲ್ಲ ಯಾರೂ ನೋಡದಂತೆ ಎಲ್ಲರ ದೃಷ್ಟಿಯನ್ನು ತಮ್ಮ ಮೇಲೆಯೇ ಎಳೆದುಕೊಂಡ ತಾವು ನಿರ್ಲಕ್ಷ್ಯದ ಮಾಲೀಕರೆಲ್ಲರ ಕುಲದೇವತೆ. ಎಣ್ಣೆ ಬದಲಿಸದೆ ಮೂರು ವರ್ಷ ಓಡಿಸಿದವನೂ, ಕೊನೆಗೆ ಎಂಜಿನ್ ಹೋದಾಗ, "ಐಎಂಎಸ್ ಹೋಯ್ತು ನೋಡಿ" ಎಂದು ತಮ್ಮ ತಲೆಗೆ ಕಟ್ಟಿ ಕೈತೊಳೆದುಕೊಂಡ.

ಕಡಿಮೆ ಓಡಿದ ಕಾರಿನ ಮೋಹವನ್ನೂ ಇಲ್ಲಿ ಹೇಳಬೇಕು. ಇಪ್ಪತ್ತು ವರ್ಷಕ್ಕೆ ಇಪ್ಪತ್ತೇ ಸಾವಿರ ಮೈಲಿ ಓಡಿದ ಕಾರೆಂದರೆ ಜನ ಮುಗಿಬಿದ್ದು ಹೆಚ್ಚು ಕೊಡುತ್ತಾರೆ. ಈ ಎಂಜಿನ್ನನ್ನೇ ಬಿಚ್ಚಿ ಬಿಚ್ಚಿ ನರೆತ ಮೆಕ್ಯಾನಿಕ್ಕುಗಳು ಹೇಳುವುದು ಬೇರೆ. ನಿಂತ ಕಾರಿನಲ್ಲಿ ಎಣ್ಣೆಗೆ ನೀರಿನ ಪಸೆ ಸೇರುತ್ತದೆ, ಬೇರಿಂಗಿಗೆ ಆಗದೇ ಇರುವುದು ಅದೇ. ದಿನಾ ಓಡಿ, ಚೆನ್ನಾಗಿ ಬಿಸಿಯೇರಿ, 5 ಸಾವಿರ ಮೈಲಿಗೊಮ್ಮೆ ಎಣ್ಣೆ ಬದಲಿಸಿಕೊಂಡ ಒಂದು ಲಕ್ಷ ಮೈಲಿಯ ಕಾರೇ ತಮಗೆ ಹಿತ. ಮಾರುಕಟ್ಟೆ ಮಾತ್ರ ಆ ದುಡಿದ ಕಾರನ್ನು ಕಂಡರೆ ಮೂಗು ಮುರಿಯುತ್ತದೆ. ನನಗೇನು, ಮುರಿಯಲಿ.

ಹಾಗಾದರೆ ತಮ್ಮ ಹಂಗೇ ಇಲ್ಲದ ಕಾರಿಲ್ಲವೇ? ಇದೆ. 2008ರಲ್ಲಿ, 2009ರ ಮಾದರಿಯೆಂದು, 997ರ ಎರಡನೇ ಆವೃತ್ತಿ ಬಂತು. ಎಂಜಿನ್ ಪೂರ್ತಿ ಹೊಸದು. ಇಂಟರ್‌ಮೀಡಿಯೆಟ್ ಶಾಫ್ಟನ್ನೇ ಕಿತ್ತುಹಾಕಿ, ಕ್ರ್ಯಾಂಕ್‌ಶಾಫ್ಟಿನಿಂದಲೇ ಚೈನು ಎಳೆದರು. ದಂಡವೇ ಇಲ್ಲದ ಮೇಲೆ ದಂಡ ಹಿಡಿಯುವವರೂ ಬೇಡವಾಯಿತು. ಹನ್ನೆರಡು ವರ್ಷ ದುಡಿದ ತಮಗೆ ಒಂದು ಬೀಳ್ಕೊಡುಗೆ ಸಮಾರಂಭವೂ ಇಲ್ಲ, ಶಾಲೂ ಇಲ್ಲ, ಹಣ್ಣಿನ ಬುಟ್ಟಿಯೂ ಇಲ್ಲ. 345 ಅಶ್ವಶಕ್ತಿ, ಕರೆರಾ ಎಸ್ ಆದರೆ 385, ಎರಡು ಕ್ಲಚ್ಚಿನ ಏಳು ಗೇರಿನ ಪಿಡಿಕೆ ಗೇರ್‌ಬಾಕ್ಸ್. ಬುದ್ಧಿವಂತರು ಕೊಳ್ಳಬೇಕಾದ ಕಾರು ಇದೇ ಎಂಬುದರಲ್ಲಿ ಎರಡು ಮಾತಿಲ್ಲ. ಬೆಲೆ ಮಾತ್ರ ನಾನು ನೋಡುತ್ತಿರುವ ಕಾರಿನ ಹೆಚ್ಚುಕಡಿಮೆ ಎರಡರಷ್ಟು. ತಾವು ಇಲ್ಲದಿರುವುದಕ್ಕೆ ಅಷ್ಟು ಹಣ. ಇದ್ದಾಗ ಆರಿಂಚು ಜಾಗ ತೆಗೆದುಕೊಳ್ಳದವರು ಇಲ್ಲವಾದ ಮೇಲೆ ಇಷ್ಟು ತೂಗುತ್ತೀರಿ!

ಆ ದೋಷರಹಿತ ಕಾರು ಕೊಂಡವರ ನೆಮ್ಮದಿಯನ್ನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಪರಿಚಯದವರೊಬ್ಬರ ಗ್ಯಾರೇಜಿನಲ್ಲಿ ಅದು ಹತ್ತಿಯ ಹೊದಿಕೆ ಹೊದ್ದು, ಬ್ಯಾಟರಿಗೆ ಸಣ್ಣ ಚಾರ್ಜರ್ ಕಚ್ಚಿಸಿಕೊಂಡು ಮಲಗಿದೆ. ಅವರಿಗೆ ಬೇರಿಂಗಿನ ಹೆದರಿಕೆ ಇಲ್ಲ. ಹೆದ್ದಾರಿಯಲ್ಲಿ ಹಾರುವ ಕಲ್ಲಿನದಿದೆ, ಕಾಸ್ಟ್‌ಕೋ ಪಾರ್ಕಿಂಗಿನಲ್ಲಿ ಪಕ್ಕದವರು ತೆರೆಯುವ ಬಾಗಿಲಿನದಿದೆ. ಓಡಿದ ಒಂದೊಂದು ಮೈಲಿಗೂ ಬೆಲೆ ಇಳಿಯುತ್ತದೆ ಎಂಬುದು ಎಲ್ಲಕ್ಕಿಂತ ದೊಡ್ಡದು. ಶನಿವಾರ ಬೆಳಿಗ್ಗೆ ಸ್ಯಾರಟೋಗಾದಿಂದ ಹೈವೇ 9 ಹತ್ತಿ, ಸ್ಕೈಲೈನ್ ದಾರಿ ಹಿಡಿದು ವುಡ್‌ಸೈಡಿನ ಆಲಿಸಸ್ ರೆಸ್ಟೊರೆಂಟ್ ತನಕ ಹೋಗಿ ಬರೋಣ ಬನ್ನಿ ಎಂದು ಕರೆದರೆ, ಅವರು ಹೆಂಡತಿಯ ಟೊಯೋಟಾದಲ್ಲಿ ಬರುತ್ತಾರೆ.

ತಮ್ಮ ಹೆದರಿಕೆಯಲ್ಲಿ ಬದುಕುವವರು ಹಾಗಲ್ಲ. ಇವತ್ತೋ ನಾಳೆಯೋ ಎಂದುಕೊಂಡು ದಿನಾ ಓಡಿಸುತ್ತಾರೆ. ಎಣ್ಣೆ ಬದಲಿಸಿದಾಗ ಫಿಲ್ಟರನ್ನು ಬಿಸಾಡದೆ ಕೊಯ್ದು, ಮಡಿಕೆಗಳನ್ನು ಬಿಡಿಸಿ, ಬಿಸಿಲಿಗೆ ಹಿಡಿದು ಲೋಹದ ಮಿಣುಕು ಇದೆಯೇ ಎಂದು ಹುಡುಕುತ್ತಾರೆ. ತಮ್ಮಿಂದಾಗಿ ಕಾರಿನ ಹೊಟ್ಟೆಯೊಳಗೆ ಏನಿದೆ ಎಂದು ಕಲಿತ ಗೃಹಸ್ಥರ ಸಂಖ್ಯೆ ಯಾವ ಪಾಲಿಟೆಕ್ನಿಕ್ಕಿಗೂ ಕಡಿಮೆಯಿಲ್ಲ.

ನಾನು ಮೊದಲಿನದನ್ನೇ ನಿಶ್ಚಯಿಸಿದ್ದೇನೆ. 1999ರ ಹಿಂಗಾಲಿನ ಚಾಲನೆಯ ಕರೆರಾ, ಮ್ಯಾನ್ಯುಯಲ್ ಗೇರು. ಜೋಡಿ ಸಾಲಿನ ತಮ್ಮ ಹಿರಿಯರು ಇರುವ ಕಾಲದ್ದು. ಆ ವರ್ಷದ ಈ ಮಾದರಿಯಲ್ಲಿ ಆಕ್ಸಿಲರೇಟರ್ ಪೆಡಲಿಗೂ ಎಂಜಿನ್ನಿಗೂ ನಡುವೆ ಇನ್ನೂ ನಿಜವಾದ ತಂತಿ ಇತ್ತು. ಮರುವರ್ಷದಿಂದ ಕಂಪ್ಯೂಟರ್ ನಡುವೆ ಬಂದು ಕೂತಿತು. ಕಾರಿನ ತೂಕ 1320 ಕಿಲೊ, ಇವತ್ತಿನ 911ಗಳ ಮುಂದೆ ಕಡ್ಡಿ ಪೈಲ್ವಾನ್. 3.4 ಲೀಟರಿನ ಎಂಜಿನ್ ಮೇಲೇರಿದಂತೆ ಹಾಡುತ್ತದೆ, 3.6 ಕೆಳಗೇ ದುಡಿಯುತ್ತದೆ; ನನಗೆ ಹಾಡುವುದು ಇಷ್ಟ. ಮುಖ? ಪಿಂಕಿ ಲಾಯ್ ಎಂಬ ಹಾಂಕಾಂಗ್ ಮೂಲದ ವಿನ್ಯಾಸಕರ ಆ ಗೆರೆಗಳು ಕಾಲು ಶತಮಾನದ ಮೇಲೆ ನೋಡಿದರೆ ಬಲು ಶುದ್ಧವಾಗಿವೆ, ಬೈದವರೇ ಈಗ ಮೆಲ್ಲಗೆ ಮಾತು ನುಂಗುತ್ತಿದ್ದಾರೆ. ಇದು ಒಳ್ಳೆಯ ಲಕ್ಷಣವಲ್ಲ. ನುಂಗಿದ್ದು ಬೆಲೆಯಲ್ಲಿ ಹೊರಬರುತ್ತದೆ.

ಮನೆಯಲ್ಲಿ ಒಪ್ಪಿಗೆ ಸುಲಭವಿರಲಿಲ್ಲ. ಯಜಮಾನ್ತಿ ಪಟ್ಟಿ ನೋಡಿ ಕೇಳಿದ್ದು ಒಂದೇ ಮಾತು: "ಗ್ಲವ್ ಬಾಕ್ಸ್ ಇಲ್ಲದ ಕಾರಲ್ಲಿ ಟಿಶ್ಯೂ ಎಲ್ಲಿಡ್ತೀರಿ?" ಬೇರಿಂಗಿಗೆ ಇದ್ದಷ್ಟು ಸಿದ್ಧ ಉತ್ತರ ಇದಕ್ಕಿರಲಿಲ್ಲ. ಹಾಸನದಿಂದ ಅಪ್ಪ ಫೋನಿನಲ್ಲಿ, "ಇಪ್ಪತ್ತೈದು ವರ್ಷದ ಗಾಡಿನಾ? ಅಷ್ಟು ದೂರ ಹೋಗಿ ದುಡಿದು ಹಳೇ ಗಾಡಿ ತಗೋತೀಯೇನೋ, ಊರಿಗಾದರೂ ತರೋಕಾಗುತ್ತಾ?" ಎಂದರು. ಆಗುವುದಿಲ್ಲ ಎಂದೆ. ಮೂರು ವರ್ಷ ಮೀರಿದ ಹಳೆಯ ಕಾರನ್ನು ಭಾರತ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಎಡಗಡೆ ಸ್ಟಿಯರಿಂಗ್ ಬೇರೆ. "ಸದ್ಯ" ಎಂದರು ಅಪ್ಪ. ಹಾಸನದ ರಸ್ತೆಯ ಉಬ್ಬುಗಳನ್ನು ನೆನೆದು ನಾನೂ ಸದ್ಯ ಎಂದೆ.

ಬರುವ ಶನಿವಾರ ಮೌಂಟನ್ ವ್ಯೂ ಕಡೆಯ ಒಬ್ಬರ ಮನೆಗೆ ಅಂಥದೊಂದು ಕಾರು ನೋಡಲು ಹೋಗುತ್ತಿದ್ದೇನೆ. ಬಿಲ್ಲುಗಳ ಫೈಲು ಎರಡು ಬೆರಳು ದಪ್ಪವಿದೆಯಂತೆ, ಒಂದು ಲಕ್ಷ ಮೈಲಿ ದಾಟಿದೆಯಂತೆ. ಐಎಂಎಸ್ ಬಗ್ಗೆ ಕೇಳಿದ್ದಕ್ಕೆ ಮಾರುವವರ ದನಿ ಸಣ್ಣಗಾಯಿತು. ಆ ಸಣ್ಣ ದನಿಯೇ ನನ್ನ ಬಂಡವಾಳ. ಹೀಗಾಗಿ ತಮ್ಮಲ್ಲಿ ಎರಡು ಬೇಡಿಕೆ. ಒಂದು, ಚೌಕಾಸಿ ಮುಗಿದು ಸಹಿ ಬೀಳುವ ತನಕ ತಮ್ಮ ಕುಖ್ಯಾತಿ ಒಂದಿಷ್ಟೂ ಕುಂದಬಾರದು. ಜೋಡಿ ಸಾಲಿನವರು ಪರವಾಗಿಲ್ಲ ಎಂಬ ಸತ್ಯ ಯಾವ ಕಾರಣಕ್ಕೂ ಆ ಕಡೆಗೆ ತಿಳಿಯಬಾರದು. ಎರಡು, ಮುಂದೆಂದಾದರೂ ನಾನೇ ಆ ಕಾರು ಮಾರುವ ಹೊತ್ತಿಗೆ ತಾವು ಸಜ್ಜನರೆಂದು ಲೋಕಕ್ಕೆಲ್ಲ ಗೊತ್ತಾಗಿರಬೇಕು. ಎರಡನ್ನೂ ನಡೆಸಿಕೊಡುವ ಸಾಮರ್ಥ್ಯ ತಮಗಲ್ಲದೆ ಇನ್ನಾರಿಗಿದೆ?

ಇಂತಿ ತಮ್ಮ ವಿಧೇಯ,
996ರ ಒಬ್ಬ ಗಿರಾಕಿ

ತಾ.ಕ.: ಮಾರುವ ಮಹನೀಯರು ಕನ್ನಡ ಬಲ್ಲವರಾಗಿದ್ದು ಈ ಪತ್ರ ಅವರ ಕಣ್ಣಿಗೆ ಬಿದ್ದಿದ್ದರೆ, ಸಾರ್, ಮೇಲಿನ ನೂರಕ್ಕೆ ಒಂದರ ಮಾತೆಲ್ಲ ಪತ್ರಿಕೆಯ ಪುಟ ತುಂಬಿಸಲು ಬರೆದದ್ದು. ಶನಿವಾರ ನಿಮ್ಮ ಮನೆ ಮುಂದೆ ನಾನು ನಿಜವಾಗಿಯೂ ಹೆದರಿಕೊಂಡೇ ನಿಂತಿರುತ್ತೇನೆ. ಎರಡು ಸಾವಿರ ಇಳಿಸಿ.